ತೊಂಬತ್ತು ಮಾತ್ರೆ

ನನ್ನ ಕೈಯಲ್ಲಿದ್ದ ಸ್ಟಾಪ್‌ವಾಚ್ ನಾಲ್ಕು ನಿಮಿಷ ದಾಟಿತ್ತು. ಅತ್ತೆ ಇನ್ನೂ ಕೆಳಗಿಳಿದು ಬಂದಿರಲಿಲ್ಲ.

ಅದು ನಮ್ಮ ಮನೆಯ ಭಾನುವಾರದ ತಾಲೀಮು. ಬೆಳಗ್ಗೆ ಒಂಬತ್ತಕ್ಕೆ ನಾನು ಸೀಟಿ ಊದುತ್ತೇನೆ. ಊದಿದ ಮೂರು ನಿಮಿಷದೊಳಗೆ ಎಲ್ಲರೂ ತಮ್ಮ ತಮ್ಮ ಚೀಲ ಹೆಗಲಿಗೇರಿಸಿ, ಎರಡನೇ ಮಹಡಿಯಿಂದ ಮೆಟ್ಟಿಲಿಳಿದು, ರಸ್ತೆಯಾಚೆಯ ಸೈಕಲ್ ಅಂಗಡಿಯ ಮುಂದೆ ಬಂದು ನಿಲ್ಲಬೇಕು. ಮಗಳು ಒಂದೂವರೆ ನಿಮಿಷಕ್ಕೇ ಬಂದು ನಿಂತಿದ್ದಳು. ನನ್ನ ಗಂಡ ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ಬಂದಿದ್ದರು.

"ಅತ್ತೆ ಎಲ್ರೀ?"

"ಹಿಂದೇನೇ ಬರ್ತಿದ್ಲು." ಅವರು ನೊರೆ ಉಗಿದು ನಕ್ಕರು. "ನಿನ್ನ ಪರೀಕ್ಷೇಲಿ ಯಾವಾಗ್ಲೂ ನಮ್ಮಮ್ಮನೇ ಫಸ್ಟು. ಒಂದಿನ ಫೇಲಾಗ್ಲಿ ಬಿಡೇ."

ಸೈಕಲ್ ಅಂಗಡಿಯವನು ಶಟರ್ ಎತ್ತುತ್ತಾ, "ಏನು ಸೈರನ್ನಮ್ಮ, ಇವತ್ತು ಭೂಕಂಪಾನೋ ಪ್ರವಾಹಾನೋ?" ಎಂದ. ಬೀದಿಯಲ್ಲಿ ನನಗೆ ಆ ಹೆಸರು ಬಿದ್ದು ಒಂದು ವರ್ಷವಾಗಿತ್ತು.

ನಾನು ಮೆಟ್ಟಿಲು ಹತ್ತಿದೆ. ಮೊದಲ ಮಹಡಿಯ ತಿರುವಿನಲ್ಲಿ ಅತ್ತೆ ಗೋಡೆಗೊರಗಿ ಕೂತಿದ್ದರು. ತೊಡೆಯ ಮೇಲೆ ಚೀಲ, ಚೀಲದ ಮೇಲೆ ಎಡಗೈ. ಬಲಗೈ ಪಕ್ಕದಲ್ಲಿ ಜೋತುಬಿದ್ದಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು.

ಆಗ ನಾನು ಆಡಿದ ಮಾತನ್ನು ಬರೆಯದೆ ಬಿಟ್ಟರೆ ಈ ಕಥೆಯೇ ಸುಳ್ಳಾಗುತ್ತದೆ. ಕೆಲವು ವಾರ ತಾಲೀಮಿನಲ್ಲಿ ಒಬ್ಬರಿಗೆ ಗಾಯಾಳುವಿನ ಪಾತ್ರ ಕೊಡುತ್ತಿದ್ದೆ. ಹಾಗಾಗಿ ನಾನಂದೆ, "ಅತ್ತೆ, ಇವತ್ತು ಗಾಯದ ಪಾಠ ಇಲ್ಲ. ಅದು ಮುಂದಿನ ವಾರ. ಏಳಿ, ಟೈಮ್ ಓಡ್ತಿದೆ."

ಅತ್ತೆ ಏನೋ ಹೇಳಲು ನೋಡಿದರು. ಬಾಯಲ್ಲಿ ನೀರು ತುಂಬಿಕೊಂಡು ಮಾತಾಡಿದಂತೆ ಕೇಳಿಸಿತು. ನಾನು ಇನ್ನೊಮ್ಮೆ ಗಡಿಯಾರ ನೋಡಿದೆ. ನಾಲ್ಕು ನಿಮಿಷ ನಲವತ್ತು ಸೆಕೆಂಡು. ಇದು ನಟನೆಯಲ್ಲ ಎಂದು ನನಗೆ ಹೊಳೆದದ್ದು ಆಮೇಲೆ.

ಭೂಕಂಪ, ನೆರೆ, ಬೆಂಕಿ, ಗ್ಯಾಸ್ ಸೋರಿಕೆ, ಗಲಭೆ, ಎಲ್ಲಕ್ಕೂ ನನ್ನ ಹತ್ತಿರ ಬೇರೆ ಬೇರೆ ಬಣ್ಣದ ಹಾಳೆಯಲ್ಲಿ ಯೋಜನೆ ಇತ್ತು. ಮಂಚದ ಕೆಳಗೆ ನಲವತ್ತು ಕ್ಯಾನ್ ನೀರಿತ್ತು. ಕಾರ್ಖಾನೆಯ ತುಂಡು ಬಟ್ಟೆಯಿಂದ ನಾನೇ ಹೊಲಿದ ಸ್ಟ್ರೆಚರ್ ಕೂಡ ಇತ್ತು. ಅದೊಂದೂ ನೆನಪಿಗೆ ಬರಲಿಲ್ಲ. "ರೀ!" ಎಂದು ಕೂಗಿದೆ, ಅಷ್ಟೇ. ಗಂಡ ಬಸ್ ಡಿಪೊದಲ್ಲಿ ಟೈರ್ ಬದಲಾಯಿಸುವ ಕೆಲಸದವರು. ಓಡಿ ಬಂದು ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಸೈಕಲ್ ಅಂಗಡಿಯವನು ಅರ್ಧ ಎತ್ತಿದ ಶಟರನ್ನು ಹಾಗೇ ಬಿಟ್ಟು ತನ್ನ ಸಾಮಾನಿನ ಗಾಡಿ ತಂದ. ಹನ್ನೆರಡು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತೋಳಿನ ಪಟ್ಟಿ ಬಿಚ್ಚಿ, ಮತ್ತೆ ಕಟ್ಟಿ, ಎರಡನೇ ಸಲ ಅಳೆದಳು. "ಇನ್ನೂರ ಇಪ್ಪತ್ತು," ಎಂದು ನರ್ಸಿಗೆ ಹೇಳಿ ನನ್ನ ಕಡೆ ತಿರುಗಿದಳು. "ಬಿಪಿಗೆ ಮಾತ್ರೆ ತಗೊಳ್ತಾರಾ?"

ನಾನು ಅತ್ತೆಯ ಚೀಲದಿಂದ ಕಡತ ತೆಗೆದು ಕೊಟ್ಟೆ. ಮಾತ್ರೆಯ ಹೆಸರು, ಪ್ರಮಾಣ, ಶುರುಮಾಡಿದ ವರ್ಷ, ಎಲ್ಲ ದುಂಡಗೆ ಬರೆದಿದ್ದೆ.

"ಪರವಾಗಿಲ್ವೇ, ಇಷ್ಟು ಚೆನ್ನಾಗಿ ಇಟ್ಟಿದ್ದೀರ," ಎಂದಳು ಡಾಕ್ಟರು. "ದಿನಾ ತಪ್ಪದೆ ತಗೊಳ್ತಾರಾ?"

"ಒಂದು ದಿನಾನೂ ತಪ್ಪಿಸಿಲ್ಲ ಮೇಡಂ."

ಹೊಗಳಿಸಿಕೊಂಡ ಹೆಮ್ಮೆಯಲ್ಲಿ ಹೇಳಿದೆ. ಅತ್ತೆ ಕಣ್ಣು ಮುಚ್ಚಿದರು. ನೋವಿಗೆ ಎಂದುಕೊಂಡೆ.

ನಾನು ಇಷ್ಟೆಲ್ಲ ಏಕೆ ಮಾಡುತ್ತಿದ್ದೆ ಎಂಬುದನ್ನೂ ಹೇಳಬೇಕು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನನ್ನದು ಚೆಕ್ಕಿಂಗ್ ಕೆಲಸ. ಹೊಲಿಗೆ ಬಿಟ್ಟಿದೆಯೇ, ಗುಂಡಿ ಸಡಿಲವೇ ಎಂದು ದಿನಕ್ಕೆ ಆರುನೂರು ಅಂಗಿ ನೋಡುತ್ತೇನೆ. ಒಂದೇ ತಪ್ಪು ಎರಡು ಸಲ ಕಂಡರೆ ಆ ಸಾಲಿನ ಹೊಲಿಗೆಯನ್ನೇ ನಿಲ್ಲಿಸಿ, ಎಲ್ಲಿಂದ ಬಂತು ಎಂದು ಹುಡುಕಬೇಕು. ಕಳೆದ ವರ್ಷ ನಮ್ಮ ಸಾಲಿನಿಂದ ನನ್ನನ್ನು ಬೆಂಕಿ ಸುರಕ್ಷತೆಯ ತರಗತಿಗೆ ಕಳಿಸಿದರು. ಹತ್ತು ವಾರ, ಸಂಜೆ ಆರರಿಂದ ಎಂಟು. ನಾನು ಮದುವೆಯಾದ ಮೇಲೆ ಸಂಜೆ ಶಾಲೆಯಲ್ಲೇ ಹತ್ತನೇ ತರಗತಿ ಮುಗಿಸಿದವಳು. ಏನು ಕಲಿತರೂ ಅರ್ಧವೇ ಕಲಿತೆನೇನೋ ಎಂಬ ಅಳುಕು ನನ್ನನ್ನು ಬಿಟ್ಟಿಲ್ಲ.

ಮೇಷ್ಟ್ರು ಅಗ್ನಿಶಾಮಕ ದಳದಿಂದ ನಿವೃತ್ತರಾದವರು. ಮನೆಯವರ ಬಗ್ಗೆ ಅವರು ಹೇಳಿದ್ದು ಒಂದೇ ದಿನ, ಅದೂ ಹದಿನೈದು ನಿಮಿಷ. "ಬಾಗಿಲ ಹತ್ರ ಒಂದು ಚೀಲ ಇಡಿ. ಮೂರು ದಿನಕ್ಕಾಗೋವಷ್ಟು ನೀರು, ತಿಂಡಿ, ಟಾರ್ಚು. ಯಾರಿಗೆ ಫೋನ್ ಮಾಡ್ಬೇಕು, ಎಲ್ಲಿ ಸೇರ್ಬೇಕು ಅಂತ ಮಕ್ಕಳಿಗೂ ಗೊತ್ತಿರ್ಲಿ. ದಿನದ ಮಾತ್ರೆ ತಗೊಳ್ಳೋರಿದ್ರೆ ಡಾಕ್ಟರ್ ಹತ್ರ ಕೇಳಿ ಒಂದು ವಾರದ್ದು ಹೆಚ್ಚಿಗೆ ಬರೆಸ್ಕೊಳ್ಳಿ. ಇಷ್ಟು ಮಾಡಿ ನೆಮ್ಮದಿಯಾಗಿ ಮಲಗಿ."

ಅದನ್ನೆಲ್ಲ ಬರೆದುಕೊಂಡೆ, ನೆಮ್ಮದಿಯಾಗಿ ಮಲಗಲು ಮಾತ್ರ ಆಗಲಿಲ್ಲ. ಮೂರು ದಿನ ಸಾಲದಿದ್ದರೆ? ಮೂರನ್ನು ಮೂವತ್ತು ಮಾಡಿದೆ. ತಲೆಗೊಂದು ಚೀಲ, ತಲೆಗೊಂದು ಔಷಧಿ ಡಬ್ಬಿ. ಪ್ರತಿ ತಿಂಗಳ ಮೊದಲ ಭಾನುವಾರ ತಪಾಸಣೆ, ಹತ್ತಕ್ಕೆ ಇಷ್ಟು ಅಂಕ. "ಪ್ರಳಯ ಬಂದ್ರೂ ನಮ್ಮನೆ ಬಾಗಿಲಲ್ಲಿ ಸಹಿ ಹಾಕಿ ಒಳಗೆ ಬರ್ಬೇಕು," ಎಂದು ಗಂಡ ಹಾಸ್ಯ ಮಾಡುತ್ತಿದ್ದರು. ಬೆಂಕಿ ಬಿದ್ದಾಗ ಬಾವಿ ತೋಡೋರು ನೀವು ಎಂದು ನಾನು ಬೈಯುತ್ತಿದ್ದೆ. ಅತ್ತೆ ಮಾತ್ರ ಒಂದು ದಿನವೂ ಎದುರಾಡಲಿಲ್ಲ. "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಯೋದು ನಮ್ಮ ಸೊಸೆ ಗುಣ," ಎಂದು ನಕ್ಕು, ಹೇಳಿದ್ದನ್ನೆಲ್ಲ ಮಾಡುತ್ತಿದ್ದರು. ಮೊಣಕಾಲು ಹಿಡಿದುಕೊಂಡೇ ಮೂರು ನಿಮಿಷದಲ್ಲಿ ಕೆಳಗಿಳಿಯುತ್ತಿದ್ದರು. ಅವರ ಡಬ್ಬಿಗೆ ಪ್ರತಿ ಸಲ ಹತ್ತಕ್ಕೆ ಹತ್ತು.

ಮೂರು ತಿಂಗಳ ಹಿಂದೆ, ಎಲ್ಲೋ ದೂರದ ನೆರೆಯ ಸುದ್ದಿ ಟಿವಿಯಲ್ಲಿ ನೋಡಿದವಳು, ಮೂವತ್ತು ದಿನವೂ ಸಾಲದು, ತೊಂಬತ್ತು ಇರಲಿ ಎಂದು ಸಾರಿದೆ.

ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಮಾತು ತಿಳಿಯಾಯಿತು. ಮಿದುಳಿಗೆ ಹೋಗುವ ರಕ್ತಕ್ಕೆ ಸ್ವಲ್ಪ ಹೊತ್ತು ತಡೆಯಾಗಿತ್ತು, ಈಗ ದಾರಿ ಬಿಟ್ಟಿದೆ, ಆದರೆ ಇದು ಎಚ್ಚರಿಕೆ ಎಂದಳು ಡಾಕ್ಟರು. ಅತ್ತೆಯ ಬಟ್ಟೆ ತರಲು ನಾನು ಮನೆಗೆ ಹೋದೆ.

ಚೀಲ ಖಾಲಿ ಮಾಡುವಾಗ ಡಬ್ಬಿ ಕೈಗೆ ಬಂತು. ಆ ಭಾನುವಾರ ತಪಾಸಣೆಯೂ ಇತ್ತು. ರೂಢಿಯ ಮೇಲೆ ಮುಚ್ಚಳ ತೆಗೆದೆ. ರಬ್ಬರ್ ಬ್ಯಾಂಡು ಹಾಕಿದ ಹತ್ತು ಹತ್ತರ ಒಂಬತ್ತು ಕಟ್ಟು. ಮಾತ್ರೆಯ ಪೂರ್ತಿ ಪಟ್ಟಿ ಒಂದೂ ಇರಲಿಲ್ಲ. ಒಂದೊಂದು ಮಾತ್ರೆಯನ್ನೂ ಪಟ್ಟಿಯಿಂದ ಬೇರೆ ಬೇರೆಯಾಗಿ ಕತ್ತರಿಸಿ, ಚೂಪು ಮೂಲೆ ಚುಚ್ಚದಂತೆ ಕತ್ತರಿಯಲ್ಲಿ ದುಂಡಗೆ ಸವರಿದ್ದರು. ಕಳೆದ ತಿಂಗಳು ಇದನ್ನೇ ನೋಡಿ "ಎಷ್ಟು ಅಚ್ಚುಕಟ್ಟು ಅತ್ತೆ" ಎಂದಿದ್ದೆ.

ಔಷಧಿ ಕೇಂದ್ರದಲ್ಲಿ ಅತ್ತೆಗೆ ಕೊಡುವುದು ತಿಂಗಳಿಗೆ ಮೂವತ್ತು. ಮೂವತ್ತೊಂದನೆಯದು ಕೇಳಿದರೂ ಡಾಕ್ಟರ ಚೀಟಿ ಬೇಕು. ಹೆಚ್ಚಿಗೆ ಬರೆಸಿಕೊಳ್ಳಲು ನಾನು ಯಾವತ್ತೂ ಹೋಗಲಿಲ್ಲ. ದೊಡ್ಡವರ ಮುಂದೆ ಬಾಯಿ ಬಿಡಲು ನನಗೆ ಸಂಕೋಚ. ಹಾಗಾದರೆ ಇವು ಎಲ್ಲಿಂದ ಬಂದವು?

ಎಣಿಸಿದೆ. ತೊಂಬತ್ತು. ಮತ್ತೊಮ್ಮೆ ಎಣಿಸಿದೆ, ಆಗ ಲೆಕ್ಕ ತಲೆಗೆ ಬಂತು. ಮೂರು ತಿಂಗಳ ಹಿಂದೆ ಡಬ್ಬಿಯಲ್ಲಿ ಮೂವತ್ತಿತ್ತು. ಅದನ್ನು ತೊಂಬತ್ತು ಮಾಡಲು ಅರವತ್ತು ಬೇಕು. ಆ ಮೂರು ತಿಂಗಳಲ್ಲಿ ಕೈಗೆ ಸಿಕ್ಕಿದ್ದೇ ತೊಂಬತ್ತು. ಅಂದರೆ ಮೂರು ದಿನಕ್ಕೊಂದು ನುಂಗಿ, ಎರಡನ್ನು ನನ್ನ ತಪಾಸಣೆಗೆ ಎತ್ತಿಟ್ಟಿದ್ದರು. ಮೊದಲಿನ ಮೂವತ್ತೂ ಹೀಗೇ ಕೂಡಿದ್ದಿರಬೇಕು. ಆರುನೂರು ಅಂಗಿಯಲ್ಲಿ ಒಂದು ಸಡಿಲ ಗುಂಡಿ ಹಿಡಿಯುವವಳು ನಾನು.

ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಮ್ಮ, ಅಜ್ಜಿ ಡಬ್ಬಿಗೆ ಎಷ್ಟು ಮಾರ್ಕ್ಸ್?"

ನಾನು ಡಬ್ಬಿಯನ್ನು ಸೆರಗಿನಡಿ ಮುಚ್ಚಿಕೊಂಡೆ.

ಆಸ್ಪತ್ರೆಗೆ ಹಿಂದಿರುಗಿದಾಗ ಗಂಡ ಚಹಾ ಕುಡಿಯಲು ಹೋಗಿದ್ದರು. ಅತ್ತೆಯ ಮಂಚದ ಪಕ್ಕ ಕೂತು ಡಬ್ಬಿಯನ್ನು ತೋರಿಸಿದೆ. ಅವರೇ ಶುರುಮಾಡಿದರು.

"ಅಯ್ಯೋ, ಅದನ್ಯಾಕೆ ತಂದೆ? ಬಿದ್ದು ಹೋದಾವು."

"ನುಂಗ್ಬೇಕಾಗಿದ್ದನ್ನ ಯಾಕ್ ಎತ್ತಿಟ್ರಿ ಅತ್ತೆ?"

"ಎಲ್ಲಾ ಎತ್ತಿಟ್ಟಿಲ್ವೇ. ಮಧ್ಯೆ ಮಧ್ಯೆ ನುಂಗ್ತಿದ್ದೆ." ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ಕಣ್ಣು ತಪ್ಪಿಸಿದರು. "ನೀನೇ ಹೇಳಿದ್ಯಲ್ಲ, ಮೂರು ತಿಂಗಳು ಅಂಗಡಿ ಆಸ್ಪತ್ರೆ ಏನೂ ಇರಲ್ಲ ಅಂತ. ಆಗ ಈ ಮುದುಕಿ ಮಾತ್ರೆಗೋಸ್ಕರ ನನ್ನ ಮಗ ನೀರಲ್ಲಿ ಈಜ್ಕೊಂಡು ಹೋಗ್ಬೇಕಾ? ಈಗ ಸ್ವಲ್ಪ ತಲೆ ಸುತ್ತುತ್ತೆ, ಅಷ್ಟೇ. ವಯಸ್ಸಾದೋರಿಗೆ ಸುತ್ತದೆ ಇನ್ಯಾರಿಗೆ ಸುತ್ತುತ್ತೆ?"

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹತ್ತಕ್ಕೆ ಹತ್ತು ಕೊಡ್ತಿದ್ಯಲ್ಲ," ಎಂದರು ಅತ್ತೆ. "ನಂಗೆ ಯಾವತ್ತು ಯಾರು ಮಾರ್ಕ್ಸ್ ಕೊಟ್ಟಿದ್ರು ಹೇಳು? ಶಾಲೆ ಮೆಟ್ಟಿಲೇ ಹತ್ತಿದೋಳಲ್ಲ."

ಆಮೇಲೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. "ನೋಡು, ಅವನಿಗೆ ಹೇಳ್ಬೇಡ. ಸಿಟ್ಟು ಮೂಗಿನ ತುದೀಲೇ ಇರುತ್ತೆ. ನಿನ್ನ ಸುಮ್ನೆ ಬಿಡಲ್ಲ. ನಾಳೆಯಿಂದ ದಿನಾ ನುಂಗ್ತೀನಿ, ಮುಗೀತು."

ಮುಗಿಯಿತು ಎಂದು ನನಗೂ ಅನ್ನಿಸಿತು. ನಿಜ ಹೇಳುತ್ತೇನೆ, ನನ್ನೊಳಗೆ ಏನೋ ಒಂದು ಹಗುರಾಯಿತು. ಡಬ್ಬಿಯನ್ನು ಕೈಚೀಲದ ತಳಕ್ಕೆ ಹಾಕಿದೆ.

ಐದು ಗಂಟೆಗೆ ಡಾಕ್ಟರು ಬಂದಳು. ಗಂಡನೂ ಬಂದು ಮಂಚದ ಕಾಲ ಬಳಿ ನಿಂತರು. ನನ್ನ ಕಡತ ಅವಳ ಕೈಯಲ್ಲಿತ್ತು.

"ದಿನಾ ತಪ್ಪದೆ ತಗೊಂಡೂ ಹೀಗಾಗಿದೆ ಅಂದ್ರೆ ಈ ಮಾತ್ರೆ ಇವರಿಗೆ ಸಾಲ್ತಾ ಇಲ್ಲ," ಎಂದಳು. "ಎರಡರಷ್ಟು ಮಾಡ್ತೀನಿ. ಜೊತೆಗೆ ಇನ್ನೊಂದು ಸೇರಿಸ್ತೀನಿ." ಪೆನ್ನು ಹಾಳೆಯ ಮೇಲೆ ಓಡತೊಡಗಿತು.

ಬಿಪಿ ಒಮ್ಮೆಲೇ ಬಿದ್ದರೆ ಏನಾಗುತ್ತದೆ ಎಂದು ಸಂಜೆ ತರಗತಿಯ ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಕಲಿತಿದ್ದೆ. ಸರಿಯಾಗಿ ಕಲಿತಿದ್ದೆನೋ ಇಲ್ಲವೋ ಗೊತ್ತಿರಲಿಲ್ಲ. ಡಾಕ್ಟರಿಗೆ ತಿಳಿಯದ್ದು ನನಗೇನು ತಿಳಿದೀತು? ಅತ್ತೆ ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದರು. ಪೆನ್ನು ಎರಡನೇ ಸಾಲಿಗೆ ಬಂತು.

"ಮೇಡಂ, ನಿಲ್ಸಿ."

ನನ್ನ ಧ್ವನಿ ವಾರ್ಡಿಗೆಲ್ಲ ಕೇಳಿಸುವಷ್ಟು ಜೋರಾಗಿತ್ತು. ಪಕ್ಕದ ಮಂಚದವರೂ ತಿರುಗಿದರು.

"ಅವರು ದಿನಾ ತಗೊಳ್ತಿರ್ಲಿಲ್ಲ. ನಾನು ಹೇಳಿದ್ದು ಸುಳ್ಳು. ಗೊತ್ತಿಲ್ದೆ ಹೇಳ್ದೆ." ಕೈಚೀಲದಿಂದ ಡಬ್ಬಿ ತೆಗೆದು ಹಾಸಿಗೆಯ ಮೇಲಿಟ್ಟೆ. "ಮೂರು ದಿನಕ್ಕೊಂದು ನುಂಗ್ತಿದ್ರು. ಉಳಿದಿದ್ದು ಇಲ್ಲಿದೆ. ಕೂಡಿಡಿ ಅಂದಿದ್ದು ನಾನು."

ಡಾಕ್ಟರು ಒಂದು ಕಟ್ಟು ಬಿಚ್ಚಿ, ದುಂಡಗೆ ಸವರಿದ ಆ ಚೂರುಗಳನ್ನು ಅಂಗೈಯಲ್ಲಿ ಹರಡಿಕೊಂಡಳು.

"ಹೆಚ್ಚಿಗೆ ಬೇಕು ಅಂತ ಕೇಳಿದ್ರೆ ಬರ್ಕೊಡ್ತಿದ್ವಲ್ಲಮ್ಮ," ಎಂದಳು. "ಒಂದು ಮಾತು ಕೇಳಿದ್ರೆ ಸಾಕಿತ್ತು." ಬರೆದ ಎರಡೂ ಸಾಲನ್ನು ಅಡ್ಡ ಗೀಟು ಹಾಕಿ ಹೊಡೆದಳು. ಹಳೆಯ ಮಾತ್ರೆಯನ್ನೇ ಬರೆದು, ದಿನಕ್ಕೊಂದು ಎಂಬುದರ ಕೆಳಗೆ ಎರಡು ಗೆರೆ ಎಳೆದಳು. "ನಾನು ಬರೆದಿದ್ದನ್ನ ಕೊಟ್ಟಿದ್ರೆ ಇವತ್ತು ರಾತ್ರಿ ಇವರು ಎದ್ದು ನಿಂತ ತಕ್ಷಣ ಬೀಳ್ತಿದ್ರು."

ನನ್ನ ಗಂಡ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಡಬ್ಬಿಯನ್ನು ನೋಡಿದರು, ತಾಯಿಯನ್ನು ನೋಡಿದರು.

"ನೀನು ಪ್ರತಿ ತಿಂಗಳೂ ಎಣಿಸ್ತಿದ್ದೆ," ಎಂದರು ಮೆಲ್ಲಗೆ. "ಅಲ್ವೇನೇ?"

"ಹೂಂ."

"ನಾನು ಪಕ್ಕದಲ್ಲಿ ನಿಂತ್ಕೊಂಡು ನಗ್ತಿದ್ದೆ," ಎಂದು ಹೇಳಿ ಕಿಟಕಿಯ ಕಡೆ ತಿರುಗಿ ನಿಂತರು.

ನರ್ಸು ಪುಟ್ಟ ಬಟ್ಟಲಲ್ಲಿ ಒಂದು ಮಾತ್ರೆ, ಲೋಟದಲ್ಲಿ ನೀರು ತಂದು ಮಾತ್ರೆಯನ್ನು ಅತ್ತೆಯ ಎಡಗೈಗೆ, ಲೋಟವನ್ನು ನನಗೆ ಕೊಟ್ಟು ಮುಂದಿನ ಮಂಚಕ್ಕೆ ಹೋದಳು. ಅತ್ತೆ ಕೈಯನ್ನು ಬಾಯಿಗೆ ಒಯ್ದರು, ನಾನು ಹಿಡಿದ ಲೋಟದಿಂದ ನೀರು ಕುಡಿದರು. ಗಂಟಲು ಆಡಿತು. ಎಡಮುಷ್ಟಿ ಮಾತ್ರ ಮುಚ್ಚಿಯೇ ಇತ್ತು.

ನಾನು ಆ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದೆ. ಅಂಗೈಯ ಬೆವರಿಗೆ ಅಂಟಿಕೊಂಡು ಮಾತ್ರೆ ಅಲ್ಲೇ ಇತ್ತು.

ಅತ್ತೆ ತಾವೇ ಬೆಚ್ಚಿಬಿದ್ದು ತಮ್ಮ ಕೈಯನ್ನು ನೋಡಿದರು. ಬೇಕೆಂದು ಮಾಡಿದ್ದಲ್ಲ, ಕೈಗೆ ರೂಢಿಯಾಗಿತ್ತು. ಆಮೇಲೆ ನನ್ನ ಮುಖ ನೋಡಿದರು. ನನ್ನ ಗಂಡನನ್ನೂ ಅವರ ತಂಗಿಯರನ್ನೂ ಒಂಟಿಯಾಗಿ ಸಾಕಿ ದಡ ಮುಟ್ಟಿಸಿದ ಹೆಂಗಸು, ಮಗುವಿನ ಧ್ವನಿಯಲ್ಲಿ ಕೇಳಿದರು:

"ಇದನ್ನ ನುಂಗ್ಬಹುದೇನೇ?"