ಕುಬಸದ ಮಾಸ್ಕು

ಹೂವಿನ ಹಿಪ್ಪರಗಿಯಲ್ಲಿ ಸಾವಂತ್ರವ್ವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಅವರ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತ ಮೇಲೆ ನಾನು ಹೊಲಿಗೆ ಮಷಿನ್ನಿನ ಮುಂದೆ ಕೂಡುತ್ತಿದ್ದೆ. ಮೊದಲೆಲ್ಲ ಅದು ಸಾವಂತ್ರವ್ವನ ಕೈಸಪ್ಪಳವಾಗಿತ್ತು. ಮೋರಟಗಿಯಿಂದ ಕೋಮಲ ಸೊಸೆಯಾಗಿ ಬಂದ ಮೇಲೆ ಅವಳದಾಯಿತು. ಕೋಮಲಳ ಗಂಡ ಸುನೀಲಕುಮಾರ ಇಂಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಮಾವ ಗುರಪ್ಪನಿಗೆ ದಮ್ಮಿನ ಬೇನೆ. ಪಡಸಾಲೆಯ ಹೊರಸಿನ ಮೇಲೆ ಕುಳಿತು ಉಸಿರು ಎಳೆಯುವುದೇ ಅವನಿಗೆ ದಿನದ ದುಡಿಮೆ. ಜಗಳವಿಲ್ಲದ ಮನೆ. ಸಾವಂತ್ರವ್ವನ ಬಾಯಿ ಜೋರು, ಆದರೆ ಸೊಸೆ ಬಸುರಿ ಅಂತ ತಿಳಿದ ದಿನದಿಂದ ಕೊಡ ಎತ್ತಲೂ ಬಿಟ್ಟವಳಲ್ಲ.

ನಾನು ಹೇಳುತ್ತಿರುವುದು ಕೊರೊನಾದ ಎರಡನೆಯ ಬೇಸಿಗೆಯ ಮಾತು. ಬಸವ ಜಯಂತಿ ಮುಗಿದು ನಾಲ್ಕು ದಿನವಾಗಿತ್ತು. ಒಂದೇ ವಾರದಲ್ಲಿ ನಮ್ಮ ಓಣಿಯಿಂದ ಮೂರು ಹೆಣ ಹೋಗಿದ್ದವು. ಎಲ್ಲಿಯಾದರೂ ಕೆಮ್ಮು ಕೇಳಿದರೆ ಎದುರುಬದುರಿನ ಬಾಗಿಲುಗಳು ಪಟಪಟನೆ ಮುಚ್ಚಿಕೊಳ್ಳುತ್ತಿದ್ದವು. ಮಂದಿ ಕೂಡಬಾರದೆಂದು ಪಂಚಾಯಿತಿಯ ಗಾಡಿ ದಿನಕ್ಕೆರಡು ಸಲ ಒದರಿ ಹೋಗುತ್ತಿತ್ತು.

ಅಂಥ ದಿನದಲ್ಲಿ ಸಾವಂತ್ರವ್ವ ಸೊಸೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಖಣ ಹಿಡಿದುಕೊಂಡು ಬಂದಳು.

"ಸುರೇಖಾ, ಬರೂ ಸೋಮವಾರ ಕೋಮಲನ ಕುಬಸ ಐತಿ. ಜಂಪರ ಹೊಲದು ಉಳದ ಖಣದಾಗ ಒಂದು ಮಾಸ್ಕ ಹೊಲಿ. ಸೀರಿಗೆ ಒಪ್ಪಬೇಕ ನೋಡು."

"ಈಗ ಕುಬಸ ಬೇಕೇನ್ರಿ ಅವ್ವಾರ? ಗಾಡಿ ಒದರಿಕೊಂತ ಹೋತಲ್ಲ?"

"ಗಾಡಿ ಒದರೂದು ನಿಲ್ಲೂ ತನಕ ಹೊಟ್ಟ್ಯಾಗಿನ ಕೂಸು ಕಾಯತೈತೇನ? ಏಳ ತಿಂಗಳಾಗ ಮಾಡೂದು ಏಳರಾಗ ಆಗಬೇಕು. ಕುಬಸ ಮಾಡದ ಬಸರಿನ್ನ ತವರಿಗೆ ಕಳಸಿದ್ರ ಮಂದಿ ನನ್ನ ಮಾರಿಗೆ ಉಗುಳತಾರ. ನಮ್ಮತ್ತಿ ನನ್ನ ಕುಬಸಕ್ಕ ಅರ್ಧ ಊರ ಕರದಿದ್ಲು, ಗೊತ್ತೈತಿಲ್ಲ?"

"ಹಂಗಾರ ಮಾಸ್ಕ ಯಾಕ?"

"ಪಂಚಾಯ್ತಿಯವರು ಬಂದ್ರ ತೋರಸಾಕ ಬೇಕಲ್ಲ. ಫೋಟೋದಾಗೂ ಚೆಂದ ಕಾಣತೈತಿ. ಹಂಗಂತ ಬಸರಿ ಹೊತ್ತಗಟ್ಟಲೆ ಬಾಯಿ ಕಟಗೊಂಡು ಕುಂದರಬಾರದು, ಕೂಸು ಮೂಕ ಹುಟ್ಟತೈತಿ. ಬಾಯಿಗೆ ಉಂಡಿ ಇಡೂ ಮುಂದ ಇಳಿಸಿಬಿಡೂದು."

ಬಸುರಿ ಬಾಯಿ ಕಟ್ಟಿಕೊಂಡರೆ ಕೂಸು ಮೂಕ! ಇದನ್ನು ನಾನೂ ಸಣ್ಣಂದಿನಿಂದ ಕೇಳಿದ್ದೆ. ಸುಳ್ಳು ಅಂತ ಒಳಗೆ ಗೊತ್ತಿತ್ತು. ಗೊತ್ತಿದ್ದೂ ಖಣ ಇಸಿದುಕೊಂಡು ಅಳತೆ ಬರೆದುಕೊಂಡೆ.

ಅದೇ ಮಧ್ಯಾಹ್ನ ಕೋಮಲ ಹಿತ್ತಲ ಬಾಗಿಲಿಂದ ಬಂದಳು. ಸೆರಗಿನೊಳಗಿನಿಂದ ಒಂದು ಪೊಟ್ಟಣ ತೆಗೆದು ಮಷಿನ್ನಿನ ಮೇಲಿಟ್ಟಳು. ಒಳಗೆ ಎರಡು ಬಿಳಿ ಎನ್-95 ಮಾಸ್ಕು ಇದ್ದವು.

"ಇವ್ರು ಇಂಡಿಯಿಂದ ತಂದಾರಕ್ಕಾ. ಬಸರಿದ್ದಾರಿಗೆ ಈ ಬ್ಯಾನಿ ಭಾಳ ಕೆಟ್ಟ ಅಂತ. ದವಾಖಾನ್ಯಾಗ ಡಾಕ್ಟರು ಇಂಥಾದ್ದನ್ನ ಹಾಕೋತಾರ, ಬಟ್ಟೀದು ಸಾಲೂದಿಲ್ಲ ಅಂತ ಹೇಳ್ಯಾರ."

"ಹಾಕ್ಕೋ ಮತ್ತ."

"ಅತ್ತಿ ಬ್ಯಾಡ ಅಂದ್ರು. ಬಾತಕೋಳಿ ಬಾಯಿ ಕಂಡಂಗ ಕಾಣತೈತಂತ, ಬಂದವರು ನಗತಾರಂತ. ಇವ್ರು ಅವ್ವನ ಮುಂದ ಬಾಯಿ ತಗೀಲಿಲ್ಲ." ಅವಳು ನನ್ನ ಕೈ ಹಿಡಿದಳು. "ಅಕ್ಕಾ, ಖಣದ ಮಾಸ್ಕಿನ ಒಳಗ ಇದನ್ನ ಮುಚ್ಚಿ ಹೊಲೀರಿ. ಹೊರಗ ಖಣ ಕಾಣಲಿ, ಒಳಗ ಇದಿರಲಿ. ನನಗ ಭಾಳ ಅಂಜಿಕಿ ಬರಾಕತ್ತೈತಿ."

ಎಂಥ ಜಾಣ ಹುಡುಗಿ ಅನ್ನಿಸಿತು. ಆ ಸಂಜೆಯೆಲ್ಲ ಪ್ರೀತಿಯಿಂದ ಹೊಲಿದೆ. ಬಿಳಿ ಮಾಸ್ಕಿನ ಮೇಲೆ ಖಣ ಹೊದಿಸಿ ಸುತ್ತಲೂ ಸೂಜಿ ಹಾಕಿದೆ. ನಡುವೆ ಜರಿಯ ಹೂವೊಂದನ್ನು ಚುಚ್ಚಿದೆ. ಮೂಗಿನ ಮೇಲಿನ ತಗಡಿನ ಪಟ್ಟಿ ಖಣದಡಿ ಉಬ್ಬಿ ಕಾಣುತ್ತಿತ್ತು, ಅದನ್ನು ಕಿತ್ತು ತೆಗೆದೆ. ತಲೆಯ ಹಿಂದೆ ಹಾಕುವ ಎರಡು ಬಿಗಿ ಪಟ್ಟಿಗಳು ಮೊಗ್ಗಿನ ಜಡೆ ಕೆಡಿಸುತ್ತವೆಂದು ಕತ್ತರಿಸಿ, ಕಿವಿಗೆ ಮೆತ್ತನೆಯ ಖಣದ ದಾರ ಕೂಡಿಸಿದೆ. ಕೋಮಲ ಹಾಕಿಕೊಂಡು ಕನ್ನಡಿ ನೋಡಿದಳು.

"ಈಗ ಅಂಜಿಕಿ ಹೋತಕ್ಕಾ," ಅಂದಳು.

ಸೋಮವಾರ ಹತ್ತು ಮಂದಿ ಬರುತ್ತಾರೆಂದಿದ್ದ ಮನೆಗೆ ನಲವತ್ತು ಹೆಂಗಸರು ಬಂದರು. ಮೋರಟಗಿಯಿಂದ ಕೋಮಲಳ ತವರಿನವರು ಟೆಂಪೊದಲ್ಲಿ ಬುಟ್ಟಿ ಹೊತ್ತುಕೊಂಡು ಬಂದರು. ಸಿಂದಗಿಯಿಂದ ಸಾವಂತ್ರವ್ವನ ಅಕ್ಕ ಗುರವ್ವ ಬಂದಳು. ಪಂಚಾಯಿತಿಯವರ ಕಣ್ಣಿಗೆ ಬೀಳಬಾರದೆಂದು ಮುಂಬಾಗಿಲು ಹಾಕಿದರು, ಕಿಟಕಿಗಳನ್ನೂ ಮುಚ್ಚಿದರು. ಆರತಿಯ ದೀಪ ಆರುತ್ತದೆಂದು ಫ್ಯಾನು ನಿಲ್ಲಿಸಿದರು. ಊದುಬತ್ತಿಯ ಹೊಗೆ, ಹೂವಿನ ವಾಸನೆ, ಬೆವರು. ನಲವತ್ತು ಮಂದಿಯ ಉಸಿರು ಆ ಪಡಸಾಲೆಯಲ್ಲೇ ಸುತ್ತುತ್ತಿತ್ತು. ಎಲ್ಲರ ಬಳಿಯೂ ಮಾಸ್ಕಿತ್ತು. ಯಾರದೂ ಮೂಗಿನ ಮೇಲಿರಲಿಲ್ಲ. ಕೆಲವರದು ಗದ್ದದಲ್ಲಿ, ಕೆಲವರದು ಸೊಂಟದಲ್ಲಿ. ಉಳಿದವರು ಸೆರಗಿನ ತುದಿ ಬಾಯಿಗೆ ಹಿಡಿದು, ಮಾತು ಬಂದಾಗ ಬಿಡುತ್ತಿದ್ದರು.

ಗುರವ್ವ ಎರಡು ಸಲ ಕೆಮ್ಮಿದಳು. ಕುಬಸದ ಹಾಡು ನಿಲ್ಲಿಸಿ ಎಲ್ಲರೂ ಅವಳ ಕಡೆ ನೋಡಿದರು.

"ಬಿಸಲ ಕೆಮ್ಮಬೇ," ಅಂದಳು ಗುರವ್ವ. "ಹಾದ್ಯಾಗ ಧೂಳ ಕುಡದೀನಿ. ಏನ ಹಂಗ ನೋಡತೀರಿ?"

ಎಲ್ಲರೂ ನಕ್ಕರು. ಹಾಡು ಮತ್ತೆ ಶುರುವಾಯಿತು.

ಉಡಿ ತುಂಬಿದ ಮೇಲೆ ಒಬ್ಬೊಬ್ಬರಾಗಿ ಬಂದು ಬಾಯಿಗೆ ಉಂಡಿ ಇಡುವುದು ಶುರುವಾಯಿತು. ಸಾವಂತ್ರವ್ವ ತಾನೇ ಕೈ ಚಾಚಿ ಸೊಸೆಯ ಮಾಸ್ಕನ್ನು ಗದ್ದಕ್ಕಿಳಿಸಿದಳು. ಮೊದಲು ಗುರವ್ವ, ಹಿರಿಯಳು. ಕೋಮಲಳ ಎರಡೂ ಗಲ್ಲ ಹಿಡಿದು, ಮುಖಕ್ಕೆ ಮುಖ ತಂದು, "ಗಂಡ ಕೂಸ ಹಡೀ ನನ್ನವ್ವ," ಅಂದಳು. ಕೋಮಲ ನಡುನಡುವೆ ಮಾಸ್ಕು ಏರಿಸಿಕೊಳ್ಳಲು ಕೈ ಎತ್ತುವಳು. ಅಷ್ಟರಲ್ಲಿ ಮುಂದಿನವಳು ಉಂಡಿ ಹಿಡಿದು ನಿಂತಿರುವಳು. ಅವಳ ಕಣ್ಣು ಮಂದಿಯ ನಡುವೆ ನನ್ನನ್ನೇ ಹುಡುಕುತ್ತಿತ್ತು. ನೋಡಿದೆ, ಮುಖ ತಿರುಗಿಸಿದೆ. ನನ್ನ ಪಾಳಿ ಬಂದಾಗ ನಾನೂ ಹೋಗಿ ಅವಳ ಬಾಯಿಗೆ ಉಂಡಿ ಇಟ್ಟೆ.

ಇದನ್ನು ಬೇರೆಯವರ ಮೇಲೆ ಹಾಕಿ ಬರೆದಿದ್ದರೆ ಸುಲಭವಾಗುತ್ತಿತ್ತು.

ಮೂರನೆಯ ದಿನ ಗುರವ್ವ ಮಲಗಿದ್ದಾಳೆಂದು ಸಿಂದಗಿಯಿಂದ ಫೋನು ಬಂತು. ಐದನೆಯ ದಿನ ಬೆಳಿಗ್ಗೆ ಗೋಡೆಯಾಚೆ ರೊಟ್ಟಿಯ ಸಪ್ಪಳ ಬರಲಿಲ್ಲ. ಕೆಮ್ಮು ಬಂತು. ಅದು ಗುರಪ್ಪನ ಹಳೆಯ ಕೆಮ್ಮಲ್ಲ. ಒಣದು, ಚಿಕ್ಕದು, ಬಿಟ್ಟುಬಿಡದೆ ಬರುವಂಥದು. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಗೋಡೆಗೆ ಕಿವಿಗೊಟ್ಟೆ. "ಏನಿಲ್ಲ, ದೃಷ್ಟಿ ಆಗೇತಿ, ಮೆಣಸಿನಕಾಯಿ ಇಳಸ್ತೇನಿ," ಎಂದು ಸಾವಂತ್ರವ್ವ ಹೇಳುವುದು ಕೇಳಿಸಿತು. ಮೆಣಸಿನಕಾಯಿಯ ಘಾಟಿಗೆ ಕೋಮಲಳ ಕೆಮ್ಮು ಇನ್ನೂ ಜೋರಾಯಿತು. ಸಿಸ್ಟರ್ ಗುಲನಾಜಗೆ ಫೋನು ಮಾಡಿದೆ.

ಗುಲನಾಜ ನಮ್ಮ ಊರಿನ ಆರೋಗ್ಯ ಕೇಂದ್ರದ ನರ್ಸು. ಅಂಗಳದಲ್ಲೇ ನಿಂತು ತನ್ನ ಮಾಸ್ಕಿನ ಅಂಚನ್ನು ಮೂಗಿನ ಮೇಲೆ ಒತ್ತಿ, ಜೋರಾಗಿ ಉಸಿರು ಬಿಟ್ಟು, ಪಕ್ಕದಿಂದ ಗಾಳಿ ಸೋರುತ್ತಿಲ್ಲವೆಂದು ನೋಡಿಕೊಂಡು ಒಳಗೆ ಹೋದಳು. ಎಲ್ಲಕ್ಕಿಂತ ಮೊದಲು ಕಿಟಕಿಗಳನ್ನು ತೆರೆದಳು. ಕೋಮಲಳ ಬೆರಳಿಗೆ ಆಕ್ಸಿಮೀಟರ್ ಹಾಕಿದಳು. ಆಮ್ಲಜನಕ ಎಂಬತ್ತೆಂಟಕ್ಕೆ ಇಳಿದಿತ್ತು.

"ಅಂಬುಲೆನ್ಸಿಗೆ ಫೋನ ಹಚ್ಚರಿ," ಅಂದಳು. "ವಿಜಯಪುರಕ್ಕ ಒಯ್ಯಬೇಕು, ಈಗ."

"ಸಿಸ್ಟರ, ನಾ ಮಾಸ್ಕ ಹಾಕ್ಕೊಂಡಿದ್ದೆ," ಎಂದು ಕೋಮಲ ಏದುಸಿರಿನಲ್ಲೇ ಅಂದಳು. "ಛಲೋ ಮಾಸ್ಕು. ಒಳಗ ಇತ್ತು." ಗೂಟಕ್ಕೆ ತೂಗುಹಾಕಿದ್ದ ಖಣದ ಮಾಸ್ಕಿನ ಕಡೆ ಕೈ ತೋರಿಸಿದಳು.

ಗುಲನಾಜ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಚಿನ ಹೊಲಿಗೆ ಬಿಚ್ಚಿದಳು. ಬಿಳಿ ಪದರದ ತುಂಬ ಸೂಜಿಯ ತೂತುಗಳ ಸಾಲು.

ಆಂಬುಲೆನ್ಸ್ ಕೋಮಲಳನ್ನೂ ಸಾವಂತ್ರವ್ವನನ್ನೂ ಕರೆದುಕೊಂಡು ಹೋದ ಮೇಲೆ ಗುಲನಾಜ ನನ್ನ ಬಾಗಿಲಿಗೆ ಬಂದಳು.

"ಇದನ್ನ ನೀವ ಹೊಲದೀರೇನ್ರಿ?"

"ಹೌದ್ರಿ."

ಅವಳು ಬೈಯಲಿಲ್ಲ. ಬೈದಿದ್ದರೆ ಎದೆ ಹಗುರಾಗುತ್ತಿತ್ತು.

"ಇದರ ಒಳಗಿನ ಅರಿವೀನ ಸಣ್ಣಾಗಿ ಸೋಸೂ ಜರಡಿ ಇದ್ದಂಗ, ಸುರೇಖಾಬಾಯಾರ. ಸೂಜಿ ಚುಚ್ಚಿದ್ರ ಮುಗೀತು. ಮೂಗಿನ ಪಟ್ಟಿ ಕಿತ್ತೀರಿ, ಮ್ಯಾಲಿಂದ ಗಾಳಿ ಹೋತು. ಹಿಂದಿನ ಬಿಗಿ ಪಟ್ಟಿ ಕತ್ತರಿಸೀರಿ, ಗಲ್ಲದಾಗ ಸಂದಿ ಆತು. ಮಾಸ್ಕ ಮಾರಿಗೆ ಅಂಟಿಕೊಂಡ ಕುಂತ್ರನ ಕೆಲಸ ಮಾಡೂದು. ಎನ್-95 ಸಿಗಲಿಲ್ಲಂದ್ರ ಮೆಡಿಕಲ್‌ದಾಗಿನ ಮೂರು ಪದರದ್ದು ಹಾಕಿ ಅದರ ಮ್ಯಾಲ ಬಿಗಿಯಾಗಿ ಬಟ್ಟೀದು ಹಾಕ್ಕೋಬೇಕು. ಬರೇ ಖಣ, ಬರೇ ಸೆರಗು, ಅಷ್ಟೇನೂ ತಡಿಯೂದಿಲ್ಲ." ಬಿಚ್ಚಿದ ಮಾಸ್ಕನ್ನು ಚೀಲಕ್ಕೆ ಹಾಕಿಕೊಂಡು ಹೇಳಿದಳು: "ಖರೇ ಹೇಳತೇನಿ, ಎಂಥಾ ಮಾಸ್ಕಾದ್ರೂ ಅವತ್ತ ಉಳಸ್ತಿದ್ದಿಲ್ಲ. ಸಾವಂತ್ರವ್ವಾರು ಹೇಳಿದ್ರು, ಮುಚ್ಚಿದ ಮನ್ಯಾಗ ನಲವತ್ತ ಮಂದಿ ಬಾಯಿಗೆ ಉಂಡಿ ಇಡೂ ಮುಂದ ಅದು ಗದ್ದದಾಗ ಇತ್ತಲ್ಲ."

ಮರುದಿನದಿಂದ ನನಗೂ ಜ್ವರ. ಗುರಪ್ಪನನ್ನು ಸುನೀಲಕುಮಾರ ಹೊಲದ ಮನೆಯಲ್ಲಿ ಒಬ್ಬನನ್ನೇ ಇಟ್ಟ. ದೇವರ ದಯೆ, ಅವನಿಗೆ ತಗುಲಲಿಲ್ಲ. ನಾನು ಹದಿನಾಲ್ಕು ದಿನ ಒಬ್ಬಳೇ ಮಲಗಿ, ಫೋನು ಬಡಿದಾಗಲೆಲ್ಲ ಬೆಚ್ಚಿ ಬೀಳುತ್ತಿದ್ದೆ. ಒಂಬತ್ತನೆಯ ದಿನ ಸುನೀಲಕುಮಾರನ ಫೋನು ಬಂತು.

"ಹೆಣ್ಣ ಕೂಸಿತ್ತಕ್ಕಾ," ಅಂದ. "ಹೊಟ್ಟ್ಯಾಗ ಹೋಗೇತಿ. ಕೋಮಲಗ ಇನ್ನೂ ಹೇಳಿಲ್ಲ. ಆಕಿ ಆಕ್ಸಿಜನ್ ಮ್ಯಾಲ ಅದಾಳ."

ಕೋಮಲ ಉಳಿದಳು. ದವಾಖಾನೆ ಸೇರಿದ ಇಪ್ಪತ್ತಮೂರನೆಯ ದಿನ ಮನೆಗೆ ಬಂದಳು. ನಾನು ಹಿತ್ತಲಲ್ಲಿ ದೂರ ನಿಂತು ಎಲ್ಲವನ್ನೂ ಹೇಳಿದೆ: ಸೂಜಿಯ ತೂತು, ಕಿತ್ತ ತಗಡು, ಕತ್ತರಿಸಿದ ಪಟ್ಟಿ, ನಾನೇ ಇಟ್ಟ ಉಂಡಿ. ಅವಳು ಗೋಡೆಗೆ ಒರಗಿ ಕೇಳಿದಳು.

"ಗೊತ್ತಿಲ್ಲದ ಮಾಡಿದ್ರಿ ಅಕ್ಕಾ. ನನಗ ಗೊತ್ತಿತ್ತು. ಗುರವ್ವತ್ತಿ ಕೆಮ್ಮಿದ್ದನ್ನ ನಾ ಕೇಳಿದೆ. ಎದ್ದು ಒಳಗ ಹೋಗಬೇಕಂತ ಕಾಲ ಎತ್ತಿದೆ. ನಮ್ಮತ್ತಿ ಮಾರಿ ನೋಡಿ ಕುಂತೆ." ಉಸಿರು ತೆಗೆದುಕೊಳ್ಳಲು ನಿಂತಳು. "ಇನ್ನೊಮ್ಮೆ ಕುಂದರೂದಿಲ್ಲ."

ನಮ್ಮ ಕಡೆ ಕೂಸು ಹೋದ ಮನೆಗೆ ಹೆಂಗಸರು ಮಾತಾಡಿಸಲು ಬರುತ್ತಾರೆ. ಕೊರಳಿಗೆ ಬಿದ್ದು, ಗಲ್ಲಕ್ಕೆ ಗಲ್ಲ ಹಚ್ಚಿ ಅಳುತ್ತಾರೆ. ಹಾಗೆ ಅಳದಿದ್ದರೆ ದುಃಖವೇ ಅಲ್ಲ. ಬೇನೆ ಊರಿನಿಂದ ಇನ್ನೂ ಹೋಗಿರಲಿಲ್ಲ. ಗುರಪ್ಪ ಅದೇ ತಾನೇ ಹೊಲದಿಂದ ಮನೆಗೆ ಬಂದಿದ್ದ. ಮರುದಿನ ಮುಂಜಾನೆ ಇಪ್ಪತ್ತು ಹೆಂಗಸರು ಬಂದರು. ಮುಂದೆ ಗುರವ್ವ. ಅವಳು ನಾಲ್ಕು ದಿನ ಮಲಗಿ ಎದ್ದಿದ್ದಳಂತೆ. ಬಾಯಿ ಬಿಚ್ಚಿ ಅಳುತ್ತಲೇ ಮೆಟ್ಟಿಲು ಏರಿದಳು.

ಬಾಗಿಲಲ್ಲಿ ಕೋಮಲ ನಿಂತಿದ್ದಳು. ಮುಖಕ್ಕೆ ಬಿಳಿ ಮಾಸ್ಕು, ಎರಡೂ ಪಟ್ಟಿ ತಲೆಯ ಹಿಂದೆ ಬಿಗಿದಿತ್ತು. ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದಿದ್ದಳು, ಹಿಡಿಯದಿದ್ದರೆ ಬೀಳುತ್ತಿದ್ದಳು.

"ಅಲ್ಲೇ ನಿಂದರ್ರಿ ಅತ್ತಿ. ಒಳಗ ಬರಬ್ಯಾಡ್ರಿ."

"ಏನಂದಿ? ನಾ ಅಳಾಕ ಬಂದೀನಿ!"

"ಅಂಗಳದಾಗ ಕುಂತ ಅಳ್ರಿ. ಮೂಗು ಬಾಯಿ ಮುಚಗೊಂಡು, ದೂರ ಕುಂತು. ಒಳಗ ಮಾವ ಅದಾರ."

"ಕೇಳಿದೇನಬೇ ಸಾವಂತ್ರಿ, ನಿನ್ನ ಸೊಸಿ ಮಾತ?" ಗುರವ್ವನ ದನಿ ಏರಿತು. "ಇಡೀ ಬಳಗದ ಮುಂದ ನನ್ನನ್ನ ಬಾಗಲದಾಗ ನಿಲ್ಲಸ್ಯಾಳ! ನನಗೇನ ಆಗೇತಿ? ನಾಕ ದಿನ ಕೆಮ್ಮಿದೆ, ಹೋತು! ಬರೀ ನನ್ನ ಕಡಿಂದನ ಬಂತೇನ?"

"ಯಾರ ಕಡಿಂದ ಬಂತೋ ನನಗ ಗೊತ್ತಿಲ್ರಿ," ಅಂದಳು ಕೋಮಲ. "ನನ್ನ ಕೂಸು ಹೋತು, ಅಷ್ಟ ಗೊತ್ತೈತಿ. ಇನ್ನ ಈ ಹೊಸ್ತಿಲಾ ದಾಟಿ ಯಾರೂ ಹಂಗ ಬರೂದಿಲ್ಲ. ನೀವು ಸಿಟ್ಟಾದ್ರ ಆಗ್ರಿ."

ಎಲ್ಲರೂ ಸಾವಂತ್ರವ್ವನ ಕಡೆ ನೋಡಿದರು. ಒಳಗಿನ ಕತ್ತಲಿನಿಂದ ಅವಳು ಎದ್ದು ಬಂದಳು. ಮೂರು ವಾರದಲ್ಲಿ ಹತ್ತು ವರ್ಷ ಮುಪ್ಪಾಗಿದ್ದಳು. ಸೊಸೆಯನ್ನು ಬದಿಗೆ ಸರಿಸುತ್ತಾಳೆಂದು ನಾನು ಅಂದುಕೊಂಡೆ. ಅವಳು ಸೊಸೆಯ ಮಗ್ಗುಲಿಗೆ ನಿಂತಳು.

"ಅಕ್ಕಾ, ಕೆಳಗ ಇಳಿ," ಅಂದಳು. "ನಾ ಕರದೆ, ನೀವು ಬಂದ್ರಿ. ಆಕಿ ಮಾಸ್ಕ ಹಾಕ್ಕೊಂಡ ಕುಂತಿದ್ಲು, ನಾನ ಆಕೀ ಬಾಯಿ ಮ್ಯಾಲಿಂದು ಇಳಿಸಿದೆ. ಈ ಕೈಲೇ ಇಳಿಸಿದೆ."

ಅಷ್ಟು ಹೇಳಿ ಬಲಗೈಯನ್ನು ಮುಂದೆ ಹಿಡಿದು, ಯಾರದೋ ಕೈ ನೋಡುವಂತೆ ನೋಡಿದಳು. ಆಮೇಲೆ ಅಳತೊಡಗಿದಳು. ಅಂಥ ಅಳುವನ್ನು ನಾನು ಎಲ್ಲಿಯೂ ಕೇಳಿಲ್ಲ. ಗುರವ್ವ ಒಂದು ಹೆಜ್ಜೆ ಮುಂದಿಟ್ಟಳು, ತಂಗಿಯನ್ನು ತಬ್ಬಲು ಎರಡೂ ತೋಳು ತಾನಾಗಿ ಎದ್ದವು. ಎದ್ದ ತೋಳು ಹಾಗೆಯೇ ನಿಂತವು. ಅವಳು ಮೆಟ್ಟಿಲನ್ನು ಮೆಲ್ಲಗೆ ಇಳಿದು ಅಂಗಳದಾಚೆ ಹೋಗಿ, ಕಲ್ಲಿನ ಮೇಲೆ ಕುಳಿತು, ಸೆರಗಿನಿಂದ ಮೂಗು ಬಾಯಿ ಬಿಗಿಯಾಗಿ ಒತ್ತಿಕೊಂಡಳು. ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಸರಿದು ದೂರ ದೂರ ಕುಳಿತರು. ನಾನು ನನ್ನ ಮನೆಗೆ ಓಡಿ ಮೂರು ಪದರದ ಮಾಸ್ಕಿನ ಡಬ್ಬಿ ತಂದು ನಡುವೆ ಇಟ್ಟೆ. ಯಾರೂ ಬೇಡವೆನ್ನಲಿಲ್ಲ.

ಬಿಸಿಲು ಏರುವತನಕ ಇಪ್ಪತ್ತು ಹೆಂಗಸರು ತಮ್ಮ ತಮ್ಮ ಜಾಗದಲ್ಲೇ ಕುಳಿತು ಅತ್ತರು. ಯಾರೂ ಯಾರನ್ನೂ ಮುಟ್ಟಲಿಲ್ಲ. ಬಾಗಿಲಲ್ಲಿ ಅತ್ತೆ ಸೊಸೆ ಇಬ್ಬರೇ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು.