ಖಾಲಿ ಪೆಟ್ಟಿಗೆಯ ಭಾರ

“ಏಯ್ ಮುದಿಗೂಬೆ, ಖಾಲಿ ಪೆಟ್ಟಿಗೆ ಹೊರೋದಕ್ಕೂ ಬರಲ್ವೇನೋ ನಿಂಗೆ? ಸೊಂಟ ಬಗ್ಗಿಸು! ಏದುಸಿರು ಬಿಡು! ಒಳಗೆ ಸೋಪಿದೆ ಅನ್ಕೊಂಡು ಹೊರೋ ಬೋಳೀಮಗನೇ!”

ಧಣಿ ಬೈದದ್ದು ನನಗೆ. ಈ ಸೋಪಿನ ಕಾರ್ಖಾನೆಯ ತುಂಬಿದ ಪೆಟ್ಟಿಗೆ ಹೊತ್ತೇ ನನ್ನ ಬೆನ್ನು ಬಾಗಿದ್ದು. ಇವನ ಅಪ್ಪನ ಕಾಲದಲ್ಲಿ ನರಳಿದರೆ ಬೈಗುಳ. ಮಗನ ಕಾಲಕ್ಕೆ ನರಳಲಿಲ್ಲವೆಂದು ಬೈಗುಳ.

ಎಣ್ಣೆ ತರಿಸಲು ದುಡ್ಡಿಲ್ಲದೆ ಒಲೆ ಆರಿ ಒಂದು ಬೇಸಿಗೆಯೇ ಕಳೆದಿತ್ತು. ಸೋಪು ಬೇಯುವ ಕಡಾಯಿಯಲ್ಲಿ ಜೇಡ ಸಂಸಾರ ಹೂಡಿತ್ತು. ಆವತ್ತು ಸಾಲ ಕೊಡುವ ಬ್ಯಾಂಕಿನವನು ಕಾರ್ಖಾನೆ ನೋಡಲು ಬರುತ್ತಾನೆಂದು ಧಣಿ ಜೇಡವನ್ನು ಒಕ್ಕಲೆಬ್ಬಿಸಿ, ಕಡಾಯಿಯಲ್ಲಿ ನೀರು ಕುದಿಸಿ, ಅಂಗಡಿಯಿಂದ ಬೇರೆ ಕಂಪನಿಯ ಎರಡು ಸೋಪು ತರಿಸಿ ಹಾಕಿಸಿದ್ದ. ಕಾರ್ಖಾನೆಯೆಲ್ಲ ಘಮಘಮ. ನಾವು ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಮುಂಬಾಗಿಲಲ್ಲಿ ಲಾರಿಗೆ ತುಂಬಬೇಕು. ಲಾರಿ ಕಾಂಪೌಂಡು ಸುತ್ತಿ ಹಿಂಬಾಗಿಲಿಗೆ ಬಂದಾಗ ಅವನ್ನೇ ಇಳಿಸಬೇಕು.

“ವ್ಯಾಪಾರ ಅಂದ್ರೆ ದುಡ್ಡಿನ ಹರಿವು ಕಣ್ರೋ,” ಧಣಿ ಪಾಠ ಹೇಳಿದ. “ದುಡ್ಡು ನೀರಿದ್ದಂಗೆ. ಹರೀತಾನೇ ಇರಬೇಕು.”

“ನಮ್ಮ ಕಡೆ ಮಾತ್ರ ಒಂದು ಹನಿನೂ ಬರ್ತಿಲ್ವಲ್ಲ ಧಣೀ, ನಿಮ್ಮನೆ ಅಷ್ಟೊಂದು ತಗ್ಗಲ್ಲಿದೆಯಾ?” ಅಂದಳು ನನ್ನ ಸೊಸೆ. ಅವಳು ಪೆಟ್ಟಿಗೆ ಅಂಟಿಸುವವಳು. ಪಕ್ಕದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು.

“ನಾಲಿಗೆ ಉದ್ದ ಆಯ್ತು ನಿಂದು! ಸಾಲ ಕೈಗೆ ಬಂದ ದಿನಾನೇ ಎಲ್ಲರ ಬಾಕಿ ಸಂಬಳ ಕೊಡ್ತೀನಿ. ಅವರು ಕೇಳಿದ್ರೆ ಮಾತ್ರ, ಸಂಬಳ ಸರಿಯಾಗಿ ಬರ್ತಿದೆ ಅನ್ನಿ.”

ಆ ಮಾತೊಂದೇ ನಮ್ಮನ್ನು ಕಟ್ಟಿಹಾಕಿದ್ದು. ನಮ್ಮ ಮನೆ ಮಾಲೀಕ ಆಗಲೇ ಪಾತ್ರೆಗಳನ್ನು ಬೀದಿಗಿಟ್ಟಿದ್ದ. ವಾರದೊಳಗೆ ಬಾಡಿಗೆ ಕೊಡದಿದ್ದರೆ ಬಾಗಿಲಿಗೂ ಬೀಗ. ಸೊಂಟ ಬಗ್ಗಿಸಿದೆ, ನರಳಿದೆ. ಸೊಸೆ ಗಾಬರಿಯಾಗಿ ಓಡಿ ಬಂದಳು.

“ಮಾವಾ, ನಿಜವಾಗ್ಲೂ ನೋವಾಯ್ತಾ?”

“ಸುಮ್ನಿರಮ್ಮ. ಸಂಬಳ ಬರೋವರೆಗೂ ಇರೋ ನೋವು.”

ಬ್ಯಾಂಕಿನವನು ಬಂದ. ಮೂಗರಳಿಸಿ ತಲೆದೂಗಿದ. ಲಾರಿ ಹೋಗುವುದನ್ನು ಧಣಿ ತೋರಿಸಿದ, ಬರುವುದನ್ನು ಬೆನ್ನು ಅಡ್ಡಕೊಟ್ಟು ಮರೆಮಾಡಿದ.

“ಏನಜ್ಜ, ಸಂಬಳ ಸರಿಯಾಗಿ ಸಿಗ್ತಿದೆಯಾ?” ಬ್ಯಾಂಕಿನವನು ನನ್ನನ್ನು ಕೇಳಿದ.

“ಸಿಗ್ತಿದೆ ಸ್ವಾಮಿ.” ನರಳುತ್ತ ಇನ್ನೊಂದು ಪೆಟ್ಟಿಗೆ ಹೊತ್ತೆ.

ಧಣಿಯೂ ಅವನೂ ಅಲ್ಲೇ ಮೇಜಿನ ಮುಂದೆ ಕೂತು ಟೀ ಕುಡಿದರು. ಬ್ಯಾಂಕಿನವನು ಫೈಲು ತಿರುವಿದ.

“ಮಾರಾಟ ಜೋರಾಗಿದೆ. ಆದ್ರೂ ಲಾಭ ಇಲ್ಲ. ಯಾಕೆ ಗೊತ್ತಾ? ಸಂಬಳ! ಬಂದ ಲಾಭನೆಲ್ಲ ಇವರ ಸಂಬಳ ತಿಂದುಹಾಕ್ತಿದೆ. ಅರ್ಧ ಜನಾನ ತೆಗೀರಿ, ಸಾಲ ಕೊಡೋಣ.”

“ಇವತ್ತೇ ತೆಗೀತೀನಿ ಸಾರ್. ಈ ಮುದುಕ, ಇವನ ಬಾಯಿಬಡುಕಿ ಸೊಸೆ, ಇವರಿಂದಲೇ ಶುರು. ಸಿಕ್ಕಾಪಟ್ಟೆ ತಿಂತಾರೆ ಸಾರ್!”

ನಾನು ಪೆಟ್ಟಿಗೆ ಹೊತ್ತು ಅವರ ಎದುರಿಗೇ ನಿಂತಿದ್ದೆ. ಅವರ ಕಣ್ಣಿಗೆ ನಾನೂ ಒಂದು ಪೆಟ್ಟಿಗೆ. ನಮ್ಮ ಕೈಗೇ ಬಾರದ ಸಂಬಳ ಧಣಿಯ ಲಾಭವನ್ನು ಯಾವ ಬಾಯಿಂದ ತಿಂದಿತೋ ಕಾಣೆ.

ಬೆನ್ನು ನೆಟ್ಟಗೆ ಮಾಡಿದೆ. ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ಎಸೆದೆ. “ಹಿಡಿಯಮ್ಮಾ!”

ಸೊಸೆ ಹಿಡಿದಳು. ನನ್ನ ಮುಖ ನೋಡಿದಳು. ಆಮೇಲೆ ಅದನ್ನು ತಲೆಯ ಮೇಲೆತ್ತಿ ಬ್ಯಾಂಕಿನವನತ್ತ ಬೀಸಿದಳು.

“ಅಯ್ಯಯ್ಯೋ, ಸತ್ತೆ!” ಅವನು ಫೈಲನ್ನು ತಲೆಗೆ ಹಿಡಿದು ಮೇಜಿನಡಿ ತೂರಿದ. ಪೆಟ್ಟಿಗೆ ಅವನ ಹಿಂಭಾಗಕ್ಕೆ ತಗಲಿ, ಬಲೂನಿನಂತೆ ಪುಟಿದು ಧಣಿಯ ಕಾಲ ಬಳಿ ಬಿತ್ತು.

“ಅದು... ಹೊಸ ನಮೂನೆ ಸೋಪು ಸಾರ್,” ಧಣಿ ತೊದಲಿದ. “ಬಹಳ ಹಗುರ.”

ಅಷ್ಟೇ. ಲಾರಿ ಮೇಲಿದ್ದವರು ಎಸೆದರು, ಕೆಳಗಿದ್ದವರು ಎಸೆದರು. ಮಾರಾಟವಾದದ್ದು, ಆಗಬೇಕಾದದ್ದು ಎಲ್ಲ ಗಾಳಿಯಲ್ಲಿ ಹಾರಾಡಿತು. “ನಿಮ್ಮ ಮನೆ ಹಾಳಾಗ! ಬೀದಿಪಾಲಾಗ್ತೀರಿ ಕಣ್ರೋ ಸೂಳೇಮಕ್ಕಳಾ!” ಎಂದು ಧಣಿ ಕಿರುಚುತ್ತಲೇ ಇದ್ದ.

ಸೊಸೆ ಎರಡು ಪೆಟ್ಟಿಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಗೇಟಿನ ಕಡೆ ಹೊರಟಳು.

“ಅವ್ಯಾಕಮ್ಮ?” ಎಂದೆ.

“ಬೀದೀಲಿರೋ ಪಾತ್ರೆ ತುಂಬಬೇಕಲ್ಲ ಮಾವ.”