ಸೂಜಿಯ ಇನ್ನರ್ಧ

"ಸಿಕ್ತೇನೇ?"

"ಎಲ್ಲಿ ಸಿಗುತ್ತೆ? ನೀನು ಮೊದಲು ಏಳು."

ತಂಗಿ ಮೊಣಕಾಲೂರಿ ಹೊಲಿಗೆ ಮೆಷಿನ್ನಿನ ಕೆಳಗೆ ಅಯಸ್ಕಾಂತ ಆಡಿಸುತ್ತಿದ್ದಳು. ಗುಂಡುಪಿನ್ನುಗಳು ಬಂದವು, ಒಂದು ಹುಕ್ಕು ಬಂತು. ಮುರಿದ ಸೂಜಿಯ ಮೊನೆ ಮಾತ್ರ ಬರಲಿಲ್ಲ. ಸೂಜಿ ಮುರಿದರೆ ಎರಡು ತುಂಡೂ ಸಿಗುವವರೆಗೆ ಮುಂದಿನ ಹೊಲಿಗೆ ಹಾಕಬಾರದು. ಅಪ್ಪನ ಕಾಲದಿಂದ ಆ ಅಂಗಡಿಯ ಕಟ್ಟಳೆ ಅದು. ಗಿರಾಕಿಯ ಮೈಗೆ ಚುಚ್ಚಿದರೆ ಹೆಸರು ಮಣ್ಣುಪಾಲು.

ಅಕ್ಕ ಬರಿಗಾಲಲ್ಲೇ ಎದ್ದು ಬಟ್ಟೆ ಕೊಡವಿದಳು. ಚಪ್ಪಲಿ ಹಾಕಿದರೆ ಪೆಡಲ್ಲಿನ ಹಿಡಿತ ಸಿಗುವುದಿಲ್ಲ ಎನ್ನುವವಳು ಅವಳು.

"ನಿನ್ನ ಚಾಪೆ ತಾ. ಅದರ ತುಂಬ ಅಯಸ್ಕಾಂತ ಅಂತಾಳಲ್ಲ ನಿನ್ನ ಟೀವಿ ಡಾಕ್ಟರಮ್ಮ!" ಎಂದಳು ತಂಗಿ.

ಅಕ್ಕ ಟೀವಿಯಲ್ಲಿ ನೋಡಿ ತರಿಸಿದ್ದ ಕಾಲುಚಾಪೆಯನ್ನು ತಂಗಿ ನೆಲದ ಮೇಲೆಲ್ಲ ಎಳೆದಾಡಿದಳು. ಒಂದು ಗುಂಡುಪಿನ್ನೂ ಅಂಟಲಿಲ್ಲ.

"ಅದು ರಕ್ತ ಎಳೆಯೋ ಅಯಸ್ಕಾಂತ ಕಣೇ, ಕಬ್ಬಿಣ ಎಳೆಯೋದಲ್ಲ."

"ರಕ್ತ ಎಳೆಯೋಕೆ ಜಿಗಣೆ ಸಾಕಿತ್ತಲ್ಲ, ಪುಕ್ಕಟೆ!"

ಅಕ್ಕನಿಗೂ ನಗು ಬಂತು. "ನಗು, ನಗು. ಕಾಲು ಉರಿ, ಕಾಲು ಉರಿ ಅಂತ ಎಷ್ಟು ಒದ್ದಾಡಿದ್ದೆ. ಈಗ ಉರಿನೂ ಇಲ್ಲ, ಏನೂ ಇಲ್ಲ. ಹತ್ತಿ ಮೇಲೆ ನಡೆದ ಹಾಗಿದೆ."

"ಸಕ್ಕರೆ ಕಾಯಿಲೆ ಮಾತ್ರೆ ತಗೊಂಡ್ಯಾ?"

"ಚಾಪೆ ತುಳಿಯೋರಿಗೆ ಮಾತ್ರೆ ಬೇಡ ಅಂದಳಲ್ಲ ಆ ಹುಡುಗಿ. 'ಅಮ್ಮಾ, ನಿಮ್ಮ ಮಗಳಾಗಿ ಹೇಳ್ತಿದ್ದೀನಿ' ಅಂತಾಳೆ ಪಾಪ."

ತಂಗಿಗೆ ರೇಗಿತು. "ಬಿಳಿ ಕೋಟು ಹಾಕಿದೋರೆಲ್ಲ ಡಾಕ್ಟರಾ? ಅಂಥ ಕೋಟು ನಾವೇ ಎಷ್ಟು ಹೊಲಿದಿಲ್ಲ! ಅಳತೆ ಕೊಟ್ಟೋರನ್ನ ಏನು ಓದಿದ್ದೀರಿ ಅಂತ ಯಾವತ್ತಾದ್ರೂ ಕೇಳಿದ್ವಾ?"

"ನನ್ನನ್ನ ಅಮ್ಮಾ ಅನ್ನೋಳು ಅವಳೊಬ್ಬಳೇ."

ಅಕ್ಕನಿಗೆ ಮಕ್ಕಳಿರಲಿಲ್ಲ. ತಂಗಿ ಮತ್ತೆ ಅಯಸ್ಕಾಂತ ಹಿಡಿದು ಮೆಷಿನ್ನಿನ ಕೆಳಗೆ ಬಗ್ಗಿದಳು.

ಮೊನೆ ಸಿಗಲೇ ಇಲ್ಲ. ಶಾಲೆ ಮಕ್ಕಳ ಅಂಗಿ ಸಂಜೆಗೆ ಕೊಡಬೇಕಿತ್ತು. ಅಕ್ಕ ಕಟ್ಟಳೆ ಮುರಿದು ಹೊಸ ಸೂಜಿ ಸಿಕ್ಕಿಸಿದಳು.

ವಾರ ಕಳೆದ ಮೇಲೆ ಅಂಗಡಿಯಲ್ಲಿ ಏನೋ ನಾರತೊಡಗಿತು. ಇಲಿ ಸತ್ತಿರಬೇಕೆಂದು ಅಕ್ಕನೇ ಮೂಲೆಮೂಲೆ ಗುಡಿಸಿದಳು. ಗುಡಿಸಿದ ನೆಲದ ಮೇಲೆ ಅವಳ ಬಲಗಾಲಿನ ಕಂದು ಗುರುತುಗಳು ತಂಗಿಯ ಕಣ್ಣಿಗೆ ಬಿದ್ದವು.

"ಅಕ್ಕಾ, ಕಾಲೆತ್ತು."

"ಯಾಕೇ?"

"ಎತ್ತೇ ಅಂದ್ರೆ!"

ಅಂಗಾಲು ಕಪ್ಪಾಗಿ ಬಿರಿದಿತ್ತು. ಬೇರೆ ಯಾರದೋ ಕಾಲು ನೋಡುವಂತೆ ನೋಡಿದಳು ಅಕ್ಕ. "ನೋವೇ ಇಲ್ವಲ್ಲೇ..."

ಆಸ್ಪತ್ರೆಯಲ್ಲಿ ಗಾಯ ಸೀಳಿದ ಡಾಕ್ಟರು ಒಳಗಿದ್ದ ಸೂಜಿಮೊನೆಯನ್ನು ಹತ್ತಿಯಲ್ಲಿ ಸುತ್ತಿ ತಂಗಿಯ ಕೈಗಿಟ್ಟರು. "ಉರಿ ಹೋಗಿದ್ದು ವಾಸಿಯಾಗಿ ಅಲ್ಲಮ್ಮ, ನರ ಸತ್ತು. ಪಾದ ತೆಗೀಲೇಬೇಕು."

ತೆಗೆದರು. ವಾರ್ಡಿನ ಟೀವಿಯಲ್ಲಿ ಅದೇ ಹುಡುಗಿ, ಅದೇ ಬಿಳಿ ಕೋಟು, "ಅಮ್ಮಾ" ಎನ್ನುತ್ತಿದ್ದಳು. ತಂಗಿ ಹಲ್ಲು ಕಡಿದು ಆರಿಸಲು ಎದ್ದಳು.

"ಇರಲಿ ಬಿಡೇ," ಎಂದಳು ಅಕ್ಕ, ಗೋಡೆಯ ಕಡೆಗೆ ತಿರುಗಿಕೊಂಡು.

ಮರುದಿನ ತಂಗಿ ಒಬ್ಬಳೇ ಅಂಗಡಿಯ ಬಾಗಿಲು ತೆಗೆದಳು. ಗುಂಡಿ ಡಬ್ಬಿಯಲ್ಲಿಟ್ಟಿದ್ದ ಸೂಜಿಯ ಮೇಲ್ತುಂಡನ್ನು ಹುಡುಕಿ, ಹತ್ತಿ ಬಿಡಿಸಿ ಮೊನೆಯನ್ನು ಅದಕ್ಕೆ ಜೋಡಿಸಿ ನೋಡಿದಳು. ಸರಿಯಾಗಿ ಕೂತಿತು. ಮೆಷಿನ್ನಿನ ಮೇಲೆ ಅರ್ಧ ಹೊಲಿದ ತೋಳೊಂದು ಹಾಗೇ ಬಿದ್ದಿತ್ತು. ಕೆಳಗೆ, ಪೆಡಲ್ಲಿನ ಬಲಮಗ್ಗುಲಲ್ಲಿ, ಬರಿಗಾಲು ತುಳಿದು ತುಳಿದು ಬಣ್ಣ ಹೋದ ಕಡೆ ಕಬ್ಬಿಣ ಹೊಳೆಯುತ್ತಿತ್ತು.